ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಕೂಲೆಂಟ್ ಸೇರಿದರೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಗೇರ್‌ಬಾಕ್ಸ್ ಆಯಿಲ್‌ನಲ್ಲಿ ಕೂಲೆಂಟ್ ಕಂಡ ಕೂಡಲೇ ಹೆಚ್ಚಿನವರು ಮಾಡುವುದು ಆಯಿಲ್ ಬದಲಾಯಿಸುವ ಕೆಲಸ. ಹೊಸ ಆಯಿಲ್ ಹಾಕಿ ಗಾಡಿ ಓಡಿಸುತ್ತಾರೆ. ಎರಡು ದಿನ ಬಿಟ್ಟು ನೋಡಿದರೆ ಕೂಲೆಂಟ್ ಬೆರೆತ ಅದೇ ಮಂದ ಗುಲಾಬಿ ಬಣ್ಣ ಮತ್ತೆ. ಆಗ ರೇಡಿಯೇಟರ್ ಬದಲಾಯಿಸುತ್ತಾರೆ, ಮತ್ತೊಮ್ಮೆ ಆಯಿಲ್ ಹಾಕುತ್ತಾರೆ. ಅಷ್ಟು ಹೊತ್ತಿಗೆ ಒಳಗಿನ ಕ್ಲಚ್ ಪ್ಲೇಟುಗಳು ನೆನೆದು ಕೂತಿರುತ್ತವೆ. ಮಾಡಿದ ಕೆಲಸಗಳಲ್ಲಿ ತಪ್ಪೇನೂ ಇರಲಿಲ್ಲ, ಹಿಂದುಮುಂದಾಗಿದ್ದವು ಅಷ್ಟೇ.

ಗಾಡಿ ನಿಲ್ಲಿಸಬೇಕು, ರೋಗ ಖಚಿತ ಮಾಡಿಕೊಳ್ಳಬೇಕು, ಕೂಲೆಂಟ್ ಬರುವ ದಾರಿ ಕಡಿಯಬೇಕು, ಗೇರ್‌ಬಾಕ್ಸ್ ಉಳಿಯುತ್ತದಾ ಅಂತ ತೀರ್ಮಾನಿಸಬೇಕು. ಹೊಸ ಆಯಿಲ್‌ಗೆ ದುಡ್ಡು ಹಾಕುವುದು ಇಷ್ಟೆಲ್ಲ ಆದ ಮೇಲೆ.

## ಇದು ನಿಮ್ಮ ಗಾಡಿಯ ಸಮಸ್ಯೆಯೇ?

ಆಟೋಮ್ಯಾಟಿಕ್ ಅಂತ ಮಾರುವ ಗಾಡಿಗಳೆಲ್ಲ ಒಂದೇ ಥರ ಅಲ್ಲ. ಎಎಂಟಿ ಗಾಡಿಗಳಲ್ಲಿ, ಉದಾಹರಣೆಗೆ ಮಾರುತಿಯ ಎಜಿಎಸ್‌ನಲ್ಲಿ, ಇರುವುದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವುದು, ಗೇರ್ ಹಾಕುವುದು ಮಾತ್ರ ಯಂತ್ರದ ಕೆಲಸ. ಅಲ್ಲಿಗೆ ಕೂಲೆಂಟ್ ಹೋಗುವ ದಾರಿಯೇ ಇಲ್ಲ. ಫೋಕ್ಸ್‌ವ್ಯಾಗನ್, ಸ್ಕೋಡಾದ 7 ಗೇರಿನ ಡ್ರೈ ಕ್ಲಚ್ ಡಿಎಸ್‌ಜಿಗೂ ಈ ಭಯ ಇಲ್ಲ.

ಭಯ ಇರುವುದು ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ದಾಟಿಸುವ ಡಬ್ಬಿ) ಇರುವ ಗೇರ್‌ಬಾಕ್ಸುಗಳಿಗೆ, ವೆಟ್ ಕ್ಲಚ್ ಡಿಸಿಟಿಗೆ (ಆಯಿಲ್‌ನಲ್ಲಿ ಮುಳುಗಿದ ಎರಡು ಕ್ಲಚ್ಚಿನದು), ಸಿವಿಟಿಗೆ (ಗೇರ್ ಬದಲು ಬೆಲ್ಟ್ ಇರುವುದು). ಇವುಗಳ ಆಯಿಲ್ ಬಿಸಿಯಾಗುತ್ತದೆ, ಹಾಗಾಗಿ ತಣಿಸಬೇಕು. ಅದಕ್ಕೆ ಎರಡು ಏರ್ಪಾಡು ಜಾಸ್ತಿ ಬಳಕೆಯಲ್ಲಿವೆ. ಒಂದು, ರೇಡಿಯೇಟರ್‌ನ ಪಕ್ಕದ ಅಥವಾ ಕೆಳಗಿನ ಟ್ಯಾಂಕಿನೊಳಗೇ ಒಂದು ಸಣ್ಣ ಆಯಿಲ್ ಕೂಲರ್ ಇರುತ್ತದೆ. ಅದರ ಸುತ್ತ ಕೂಲೆಂಟ್, ಒಳಗೆ ಆಯಿಲ್. ಇನ್ನೊಂದು, ಗೇರ್‌ಬಾಕ್ಸ್ ಮೈಮೇಲೆ ಅಥವಾ ಹತ್ತಿರದಲ್ಲಿ ಅಲ್ಯೂಮಿನಿಯಂ ತಗಡುಗಳ ಒಂದು ಚಿಕ್ಕ ಡಬ್ಬಿ ಕೂತಿರುತ್ತದೆ, ಅದಕ್ಕೆ ಕೂಲೆಂಟ್ ಹೋಸ್ ಬಂದು ಸೇರಿರುತ್ತದೆ. ಎರಡರಲ್ಲೂ ಆಯಿಲ್‌ಗೂ ಕೂಲೆಂಟ್‌ಗೂ ನಡುವೆ ಇರುವುದು ತೆಳ್ಳನೆಯ ಲೋಹದ ಗೋಡೆ ಒಂದೇ. ಅದು ತೂತಾದರೆ ಅಥವಾ ಕೂಲರಿನ ಬೆಸುಗೆಯಲ್ಲಿ ಬಿರುಕು ಬಿಟ್ಟರೆ ಎರಡೂ ಬೆರೆಯುತ್ತವೆ. ಗಾಳಿಯಲ್ಲಿ ಮಾತ್ರ ತಣಿಯುವ ಕೂಲರ್ ಇದ್ದರೆ ಈ ಮಾತೇ ಬರುವುದಿಲ್ಲ.

ಈ ರೋಗಕ್ಕೆ ಜಗತ್ತಿನಲ್ಲಿ ಜಾಸ್ತಿ ಹೆಸರು ಕೆಡಿಸಿಕೊಂಡದ್ದು ಅಮೆರಿಕದಲ್ಲಿ ಮಾರಾಟವಾದ 2005ರಿಂದ 2010ರ ನಿಸಾನ್ ಪಾತ್‌ಫೈಂಡರ್, ಎಕ್ಸ್‌ಟೆರಾ ಮತ್ತು ಫ್ರಂಟಿಯರ್. ವಿಷಯ ಕೋರ್ಟಿಗೆ ಹೋಯಿತು, ಕಂಪನಿ ರೇಡಿಯೇಟರ್ ಮೇಲಿನ ವಾರಂಟಿಯನ್ನು ವಿಸ್ತರಿಸಬೇಕಾಯಿತು. ಅಲ್ಲಿರುವ ನಮ್ಮವರು ಈ ಗಾಡಿಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ರೇಡಿಯೇಟರ್ ಬದಲಾಯಿಸಿದ ಬಿಲ್ ಕೇಳಲೇಬೇಕು. ಬಿಲ್ ಇಲ್ಲದಿದ್ದರೆ ಹೊಸ ರೇಡಿಯೇಟರ್ ಖರ್ಚನ್ನೂ ಸೇರಿಸಿ ಚೌಕಾಶಿ ಮಾಡಿ.

ನಮ್ಮ ಕಡೆ ಬೇರೆಯದೇ ಒಂದು ಕಾರಣ ಇದೆ. ಕೂಲೆಂಟ್ ಕಡಿಮೆಯಾದಾಗ ಬೋರ್‌ವೆಲ್ ನೀರು ಸುರಿಯುವ ಅಭ್ಯಾಸ. ಗಡಸು ನೀರು ಒಳಗೆ ಪೊರೆ ಕಟ್ಟುತ್ತದೆ, ತುಕ್ಕು ತಡೆಯುವ ರಾಸಾಯನಿಕಗಳು ತೆಳುವಾಗುತ್ತವೆ, ಲೋಹ ಕೊರೆಯುತ್ತಾ ಹೋಗುತ್ತದೆ. ವರ್ಷಗಟ್ಟಲೆ ಹೀಗೆ ನಡೆದ ರೇಡಿಯೇಟರ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ.

## ಹಂತ 1: ಗಾಡಿ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಬೇಡಿ

ಈ ಹಂತದಲ್ಲೇ ಜಾಸ್ತಿ ಜನ ಸೋಲುವುದು. "ಗ್ಯಾರೇಜ್ ಹತ್ತಿರದಲ್ಲೇ ಇದೆ, ಓಡಿಸಿಕೊಂಡು ಹೋಗ್ತೀನಿ" ಅನ್ನುತ್ತಾರೆ. ಬೇಡ.

ಕಾರಣ ಗೇರ್‌ಬಾಕ್ಸಿನ ಒಳಗಿದೆ. ಅಲ್ಲಿನ ಕ್ಲಚ್ ಪ್ಲೇಟುಗಳ ಮೇಲಿರುವ ಪದರ ಬಹುಪಾಲು ಕಾಗದದ ನಾರಿನಿಂದ ಮಾಡಿದ್ದು, ಉಕ್ಕಿನ ಬಿಲ್ಲೆಗೆ ಅಂಟಿನಿಂದ ಕೂರಿಸಿದ್ದು. ಆ ನಾರಿಗೆ ಆಯಿಲ್‌ಗಿಂತ ನೀರು ಇಷ್ಟ. ನೀರು ಸಿಕ್ಕಿದರೆ ಹೀರಿಕೊಂಡು ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ. ಕೂಲೆಂಟ್‌ನಲ್ಲಿರುವ ಗ್ಲೈಕಾಲ್ ಅಂಟನ್ನು ಸಡಿಲ ಮಾಡುತ್ತದೆ. ಆ ಸ್ಥಿತಿಯಲ್ಲಿ ಗಾಡಿ ಓಡಿಸಿದರೆ ಪದರ ಚೂರುಚೂರಾಗಿ ಕಿತ್ತು ಬಂದು ವಾಲ್ವ್ ಬಾಡಿಯ (ಯಾವ ಕ್ಲಚ್ಚಿಗೆ ಆಯಿಲ್ ಹೋಗಬೇಕು ಅಂತ ತಿರುಗಿಸುವ ಭಾಗ) ಸಂದಿಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಇದರ ಜೊತೆ ಉಕ್ಕಿನ ಭಾಗಗಳಿಗೆ ತುಕ್ಕು. ಎಷ್ಟೋ ಗೇರ್‌ಬಾಕ್ಸುಗಳಲ್ಲಿ ಎಲೆಕ್ಟ್ರಾನಿಕ್ ಕಂಟ್ರೋಲ್ ಯೂನಿಟ್ಟೂ ಒಳಗೆ ಆಯಿಲ್‌ನಲ್ಲೇ ಮುಳುಗಿರುತ್ತದೆ. ಮೇಲೆ ಹೇಳಿದ ನಿಸಾನ್‌ಗಳಲ್ಲೂ ಹಾಗೆಯೇ.

ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಎಂಜಿನ್ ಓಡುವಾಗ ಸಾಮಾನ್ಯವಾಗಿ ಕೂಲರ್‌ನಲ್ಲಿ ಆಯಿಲ್‌ನ ಒತ್ತಡ ಜಾಸ್ತಿ, ಕೂಲೆಂಟ್‌ನದ್ದು ಕಡಿಮೆ. ಹಾಗಾಗಿ ತೂತಿನಿಂದ ಆಯಿಲ್ ಕೂಲೆಂಟ್ ಕಡೆಗೆ ಹೋಗುತ್ತದೆ. ಎಂಜಿನ್ ಆಫ್ ಮಾಡಿದ ಕ್ಷಣ ಲೆಕ್ಕ ತಿರುಗಿಬೀಳುತ್ತದೆ. ಪಂಪ್ ನಿಂತು ಆಯಿಲ್‌ನ ಒತ್ತಡ ಸೊನ್ನೆಯಾಗುತ್ತದೆ. ಬಿಸಿಯಾದ ಕೂಲೆಂಟ್ ಮಾತ್ರ ಇನ್ನೂ ಒಂದು ಬಾರ್ ಆಸುಪಾಸಿನ ಒತ್ತಡದಲ್ಲೇ ಇರುತ್ತದೆ. ಈಗ ಅದು ಗೇರ್‌ಬಾಕ್ಸಿನೊಳಗೆ ನುಗ್ಗುತ್ತದೆ. ಅಂದರೆ ಗಾಡಿ ಬಿಸಿಯಾಗಿ ನಿಂತ ಪ್ರತಿ ಸಲವೂ ಒಂದಷ್ಟು ಒಳಗೆ ಹೋಗುತ್ತದೆ. "ಸುಮ್ನೆ ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ" ಅಂತ ಸಂಜೆವರೆಗೆ ನಾಲ್ಕು ಸಲ ಬಿಸಿ ಮಾಡಿ ಆಫ್ ಮಾಡಿದರೆ, ಗಾಡಿ ಒಂದು ಮೀಟರ್ ಓಡದಿದ್ದರೂ ಹಾನಿ ಆಗಿರುತ್ತದೆ.

ಮಾಡಬೇಕಾದ್ದು ಇಷ್ಟು. ಎಂಜಿನ್ ಆಫ್ ಮಾಡಿ. ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಕ್ಯಾಪ್ ಸಡಿಲಿಸಿ ಉಳಿದ ಒತ್ತಡ ಬಿಡಿ. ಬಿಸಿ ಇದ್ದಾಗ ಕ್ಯಾಪ್ ಮುಟ್ಟಲೇಬೇಡಿ, ಕುದಿಯುವ ಕೂಲೆಂಟ್ ಮುಖಕ್ಕೆ ಹಾರುತ್ತದೆ. ಗ್ಯಾರೇಜಿಗೆ ಸಾಗಿಸುವುದು ಫ್ಲ್ಯಾಟ್‌ಬೆಡ್ ಮೇಲೆಯೇ. ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ನಿಂತಿದ್ದಾಗ ಗೇರ್‌ಬಾಕ್ಸ್ ಪಂಪ್ ಓಡುವುದಿಲ್ಲ, ಚಕ್ರ ತಿರುಗಿದರೆ ಒಳಗಿನ ಭಾಗಗಳು ಒಣದಾಗಿ ಉಜ್ಜುತ್ತವೆ.

ಹಾಗಂತ "ಮುಂದಿನ ವಾರ ನೋಡೋಣ" ಅಂತ ಮೂಲೆಗೆ ನಿಲ್ಲಿಸಿಬಿಡುವುದೂ ತಪ್ಪೇ. ನಿಂತಷ್ಟು ದಿನ ಪ್ಲೇಟು ನೆನೆಯುತ್ತಲೇ ಇರುತ್ತದೆ. ಸಾಧ್ಯವಾದರೆ ಅದೇ ದಿನ, ಇಲ್ಲದಿದ್ದರೆ ಮರುದಿನ ಹಂತ 2ಕ್ಕೆ ಕೈಹಾಕಿ.

## ಹಂತ 2: ರೋಗ ಖಚಿತ ಮಾಡಿಕೊಳ್ಳಿ

ಬೇಕಾಗುವುದು: ಮೂರು ಸ್ವಚ್ಛ ಗಾಜಿನ ಬಾಟಲಿ, ಸಿರಿಂಜ್ ಮತ್ತು ತೆಳು ಟ್ಯೂಬ್, ಕೈಗವಸು, ಟಾರ್ಚ್, ಕಣ್ಣಿಗೆ ಕನ್ನಡಕ.

ಮೂರು ಸ್ಯಾಂಪಲ್ ತೆಗೆಯಿರಿ. ಗೇರ್‌ಬಾಕ್ಸ್ ಆಯಿಲ್, ಕೂಲೆಂಟ್, ಎಂಜಿನ್ ಆಯಿಲ್. ಮೂರಕ್ಕೂ ಚೀಟಿ ಅಂಟಿಸಿ. ಒಂದನ್ನೇ ನೋಡಿ ತೀರ್ಪು ಕೊಡುವುದರಿಂದಲೇ ಅರ್ಧ ಗೊಂದಲ ಹುಟ್ಟುವುದು. ಈಗಿನ ಬಹಳಷ್ಟು ಗಾಡಿಗಳಲ್ಲಿ ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ ಇರುವುದಿಲ್ಲ. ಅಂಥದ್ದಕ್ಕೆ ಡ್ರೇನ್ ಬೋಲ್ಟ್ ಅಥವಾ ಲೆವೆಲ್ ಬೋಲ್ಟ್ ಸಡಿಲಿಸಿ ಸ್ವಲ್ಪ ಹಿಡಿಯಬೇಕು.

ಆರೋಗ್ಯವಾಗಿರುವ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್, ಸಾಮಾನ್ಯವಾಗಿ ಕೆಂಪಗೆ, ತಿಳಿಯಾಗಿರುತ್ತದೆ. ಹಳೆಯದಾದರೆ ಕಂದು, ಆದರೂ ಬೆಳಕು ಆಚೆಗೆ ತೂರುತ್ತದೆ. ಕೂಲೆಂಟ್ ಚೆನ್ನಾಗಿ ಬೆರೆತರೆ ಬೇಕರಿಯ ರೋಸ್ ಮಿಲ್ಕ್ ಥರ ಮಂದವಾದ ಗುಲಾಬಿ ಆಗಿಬಿಡುತ್ತದೆ. ಬಾಟಲಿಯ ಹಿಂದೆ ಟಾರ್ಚ್ ಹಿಡಿದರೆ ಬೆಳಕು ಈಚೆಗೆ ಬರುವುದಿಲ್ಲ. ಡಿಪ್‌ಸ್ಟಿಕ್ ಮೇಲೆ ಸಣ್ಣ ಗುಳ್ಳೆಗಳು, ಲೆವೆಲ್ ಇರಬೇಕಾದ್ದಕ್ಕಿಂತ ಮೇಲೆ. ಬ್ರೀದರ್ ಪೈಪಿನ (ಗೇರ್‌ಬಾಕ್ಸ್ ಗಾಳಿಯಾಡುವ ಕೊಳವೆ) ಬಾಯಲ್ಲಿ ನೊರೆ ಮೆತ್ತಿದ್ದರೂ ಅದು ಸುಳಿವೇ.

ಕೂಲೆಂಟ್ ಬಾಟಲಿಯಲ್ಲಿ ಮೇಲೆ ಜಿಡ್ಡಿನ ಪದರ ಅಥವಾ ತೆಳು ಕಂದು-ಗುಲಾಬಿ ಕೆನೆ ಕಾಣುತ್ತದೆ. ಎಚ್ಚರ, ಎಷ್ಟೋ ಕಂಪನಿಗಳ ಕೂಲೆಂಟ್ ಮೊದಲೇ ಕೆಂಪು ಅಥವಾ ಗುಲಾಬಿ. ಬಣ್ಣ ನೋಡಿ ಗಾಬರಿ ಬೀಳಬೇಡಿ. ಬೆರಳಲ್ಲಿ ಉಜ್ಜಿದಾಗ ಜಿಡ್ಡು ಇದೆಯಾ ಅನ್ನುವುದು ಮುಖ್ಯ.

ಅನುಮಾನ ಉಳಿದರೆ ಚಟಪಟ ಪರೀಕ್ಷೆ ಮಾಡಬಹುದು. ಹಳೆಯ ಕಬ್ಬಿಣದ ತವೆಯನ್ನು ಇಂಡಕ್ಷನ್ ಸ್ಟೌ ಮೇಲೆ ಸುಮಾರು 150 ಡಿಗ್ರಿಗೆ ಕಾಯಿಸಿ. ಮೊದಲು ಹೊಸ ಎಟಿಎಫ್‌ನ ಒಂದು ಹನಿ ಹಾಕಿ, ಅದು ಸುಮ್ಮನೆ ಹರಡುತ್ತದೆ. ಆಮೇಲೆ ನಿಮ್ಮ ಸ್ಯಾಂಪಲ್‌ನ ಒಂದು ಹನಿ. ನೀರಿದ್ದರೆ ಗುಳ್ಳೆ ಎದ್ದು ಚಟಪಟ ಅನ್ನುತ್ತದೆ. ಮನೆಯ ಹೊರಗೆ, ಕನ್ನಡಕ ಹಾಕಿಕೊಂಡು, ಒಂದೊಂದೇ ಹನಿ. ಗ್ಯಾಸ್ ಒಲೆಯ ಬೆಂಕಿ ಮೇಲೆ ಬೇಡವೇ ಬೇಡ. ಆ ತವೆ ಮತ್ತೆ ಅಡುಗೆಮನೆಗೆ ಹೋಗಕೂಡದು.

ಚಟಪಟ ಸದ್ದು ಬರಲಿಲ್ಲ ಅಂದರೆ ಗೇರ್‌ಬಾಕ್ಸ್ ಶುದ್ಧ ಅಂತ ಅರ್ಥ ಅಲ್ಲ. ನೀರು ಆವಿಯಾಗಿ ಹೋಗಿ ಗ್ಲೈಕಾಲ್ ಮಾತ್ರ ಉಳಿದಿರಬಹುದು. 2000ರ ದಶಕದ ಮೊದಲ ವರ್ಷಗಳ ಕೆಲವು ಮರ್ಸಿಡಿಸ್ ಗಾಡಿಗಳಲ್ಲಿ ಹೀಗೇ ಆಗುತ್ತಿತ್ತು. ಆಯಿಲ್ ನೋಡಲು ಸರಿ ಇದ್ದರೂ, ಸ್ವಲ್ಪ ಗ್ಲೈಕಾಲ್ ಸೇರಿ ಗಾಡಿ ನಡುಗುತ್ತಿತ್ತು. ಅಂಥ ಕಡೆ ಗ್ಲೈಕಾಲ್ ಟೆಸ್ಟ್ ಕಿಟ್ ಅಥವಾ ಆಯಿಲ್ ಪರೀಕ್ಷೆ ಮಾಡುವ ಲ್ಯಾಬ್ ಬೇಕು. ಲ್ಯಾಬಿಗೆ ಕೊಡುವಾಗ ನೀರಿನ ಪ್ರಮಾಣ, ಗ್ಲೈಕಾಲ್, ಸೋಡಿಯಂ ಮತ್ತು ಪೊಟ್ಯಾಸಿಯಂ ನೋಡಿ ಅಂತ ಹೇಳಿ. ಕೊನೆಯ ಎರಡು ಕೂಲೆಂಟ್‌ನ ರಾಸಾಯನಿಕಗಳಿಂದ ಬರುತ್ತವೆ.

### ಇದೇ ಥರ ಕಾಣುವ ಬೇರೆ ರೋಗಗಳು

ಕೂಲೆಂಟ್‌ನಲ್ಲಿ ಆಯಿಲ್ ಕಂಡರೆ ಮೆಕ್ಯಾನಿಕ್ ಮೊದಲು ಹೇಳುವ ಮಾತು "ಹೆಡ್ ಗ್ಯಾಸ್ಕೆಟ್ ಹೋಗಿದೆ", ಅಂದರೆ ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲ್. ಹೆಡ್ ಬಿಚ್ಚಲು ಒಪ್ಪಿಗೆ ಕೊಡುವ ಮೊದಲು ಎಂಜಿನ್ ಆಯಿಲ್ ಸ್ಯಾಂಪಲ್ ನೋಡಿ. ಅದು ಶುದ್ಧವಾಗಿದ್ದು, ಗೇರ್‌ಬಾಕ್ಸ್ ಸ್ಯಾಂಪಲ್ ಗುಲಾಬಿಯಾಗಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಕೈ ಇಡುವ ಕೆಲಸವೇ ಇಲ್ಲ. ಕೂಲೆಂಟ್‌ನಲ್ಲಿರುವ ಜಿಡ್ಡು ಕಪ್ಪಗಿದ್ದು ಗೇರ್‌ಬಾಕ್ಸ್ ಆಯಿಲ್ ತಿಳಿಯಾಗಿದ್ದರೆ ಎಂಜಿನ್ ಆಯಿಲ್ ಕೂಲರ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಿ.

ಮಳೆಗಾಲದಲ್ಲಿ ಮೂರನೆಯದೊಂದು ಇದೆ. ನೀರು ತುಂಬಿದ ಅಂಡರ್‌ಪಾಸಿನಲ್ಲಿ ಗಾಡಿ ಸಿಕ್ಕಿಕೊಂಡರೆ ಬ್ರೀದರ್ ಮೂಲಕ ಗೇರ್‌ಬಾಕ್ಸಿಗೆ ನೀರು ಹೋಗಬಹುದು. ಆಯಿಲ್‌ನ ಬಣ್ಣ ಹೀಗೇ ಆಗುತ್ತದೆ. ಆದರೆ ಕೂಲೆಂಟ್ ಲೆವೆಲ್ ಇಳಿದಿರುವುದಿಲ್ಲ, ಅದರಲ್ಲಿ ಜಿಡ್ಡೂ ಇರುವುದಿಲ್ಲ. ಅಂಥದ್ದಕ್ಕೆ ರೇಡಿಯೇಟರ್ ಬದಲಾಯಿಸಿದರೆ ದುಡ್ಡು ದಂಡ. ಹಂತ 5ಕ್ಕೆ ನೇರ ಹೋಗಿ, ಜೊತೆಗೆ ವಿಮೆಯಲ್ಲಿ ನೀರು ನುಗ್ಗಿದ ಹಾನಿಗೆ ಆಡ್-ಆನ್ ಇದೆಯಾ ನೋಡಿ. ಕೂಲರ್ ತೂತಾಗಿ ಆದ ಹಾನಿ ಮೆಕ್ಯಾನಿಕಲ್ ಬ್ರೇಕ್‌ಡೌನ್ ಲೆಕ್ಕಕ್ಕೆ ಬರುತ್ತದೆ, ಮಾಮೂಲಿ ಪಾಲಿಸಿಯಲ್ಲಿ ಅದಕ್ಕೆ ದುಡ್ಡು ಸಿಗುವುದಿಲ್ಲ.

## ಹಂತ 3: ತೂತು ಎಲ್ಲಿದೆ ಅಂತ ಸಾಬೀತು ಮಾಡಿ

ರೇಡಿಯೇಟರ್ ಪ್ರೆಶರ್ ಟೆಸ್ಟರ್ ಬೇಕು. ಸೈಕಲ್ ಪಂಪಿನ ಹಾಗೆ ಕೈಯಲ್ಲಿ ಒತ್ತುವ, ಗೇಜ್ ಇರುವ ಸಾಧನ. ಒಳ್ಳೆಯ ಗ್ಯಾರೇಜಿನಲ್ಲಿ ಇದ್ದೇ ಇರುತ್ತದೆ.

ಎಂಜಿನ್ ತಣ್ಣಗಿರಲಿ. ಕೂಲರ್‌ಗೆ ಬರುವ ಎರಡೂ ಆಯಿಲ್ ಪೈಪ್ ಬಿಚ್ಚಿ, ಗೇರ್‌ಬಾಕ್ಸ್ ಕಡೆಯ ಬಾಯಿಗಳಿಗೆ ಸ್ವಚ್ಛ ಮುಚ್ಚಳ ಹಾಕಿ. ಕೂಲರ್‌ನ ಎರಡು ಬಾಯಿ ತೆರೆದೇ ಇರಲಿ, ಕೆಳಗೆ ಬಿಳಿ ಟ್ರೇ ಇಡಿ. ಈಗ ರೇಡಿಯೇಟರ್ ಕ್ಯಾಪ್ ಜಾಗದಲ್ಲಿ ಟೆಸ್ಟರ್ ಕೂರಿಸಿ ಒತ್ತಡ ಕೊಡಿ. ಕ್ಯಾಪ್ ಮೇಲೆ 0.9, 1.1 ಹೀಗೆ ಬಾರ್ ಲೆಕ್ಕದ ಒಂದು ಸಂಖ್ಯೆ ಇರುತ್ತದೆ, ಅದನ್ನು ಮೀರಬೇಡಿ. ಅರ್ಧ ಗಂಟೆ ಬಿಡಿ. ಆಯಿಲ್ ಬರಬೇಕಾದ ಬಾಯಿಂದ ಕೂಲೆಂಟ್ ಹನಿಯತೊಡಗಿದರೆ ಸಾಕ್ಷಿ ಸಿಕ್ಕಿತು. ಫೋಟೋ ತೆಗೆದಿಟ್ಟುಕೊಳ್ಳಿ, ವಾರಂಟಿ ಮಾತಾಡುವಾಗ ಬೇಕಾಗುತ್ತದೆ. ಈ ಪರೀಕ್ಷೆ ನಡೆಯುವಾಗ ಯಾರೂ ಎಂಜಿನ್ ಸ್ಟಾರ್ಟ್ ಮಾಡದ ಹಾಗೆ ಕೀ ಜೇಬಿನಲ್ಲಿರಲಿ.

ಹನಿಯಲಿಲ್ಲ ಅಂದ ಮಾತ್ರಕ್ಕೆ ಕೂಲರ್ ಸರಿ ಇದೆ ಅಂತಲ್ಲ. ಕೆಲವು ಬಿರುಕುಗಳು ಬಿಸಿಯಾಗಿ ಹಿಗ್ಗಿದಾಗ ಮಾತ್ರ ಬಾಯಿ ಬಿಡುತ್ತವೆ. ಗೇರ್‌ಬಾಕ್ಸ್ ಆಯಿಲ್‌ನಲ್ಲಿ ಗ್ಲೈಕಾಲ್ ಇರುವುದು ಖಚಿತವಾಗಿದ್ದರೆ, ಎರಡೂ ಭೇಟಿಯಾಗುವ ಜಾಗ ಅದೊಂದೇ ಆಗಿದ್ದರೆ, ಪರೀಕ್ಷೆ ಪಾಸಾದರೂ ಕೂಲರ್ ಬದಲಾಯಿಸಿ.

## ಹಂತ 4: ದಾರಿ ಕಡಿಯಿರಿ

ರೇಡಿಯೇಟರ್ ಒಳಗಿನ ಕೂಲರ್ ಹೋಗಿದ್ದರೆ ಇಡೀ ರೇಡಿಯೇಟರ್ ಹೊಸದೇ ಬರಬೇಕು. ರೇಡಿಯೇಟರ್ ರಿಪೇರಿ ಅಂಗಡಿಯವರು "ಟ್ಯಾಂಕ್ ಬಿಚ್ಚಿ ಬೆಸುಗೆ ಹಾಕಿ ಕೊಡ್ತೀವಿ" ಅನ್ನಬಹುದು. ಹಳೆಯ ಹಿತ್ತಾಳೆ ರೇಡಿಯೇಟರ್ ಕಾಲಕ್ಕೆ ಅದು ಸರಿ. ಪ್ಲಾಸ್ಟಿಕ್ ಟ್ಯಾಂಕ್, ಅಲ್ಯೂಮಿನಿಯಂ ಕೋರ್ ಇರುವ ಈಗಿನವಕ್ಕೆ ಆ ರಿಪೇರಿಯನ್ನು ನಂಬಿ ಗೇರ್‌ಬಾಕ್ಸ್ ಒತ್ತೆ ಇಡಬೇಡಿ. ಲೀಕ್ ನಿಲ್ಲಿಸುವ ಪುಡಿ, ದ್ರವ ಇವುಗಳ ಮಾತೂ ಬೇಡ, ಅವು ಗೇರ್‌ಬಾಕ್ಸ್ ಒಳಗೂ ಹೋಗಿ ಕೂರುತ್ತವೆ. ಗುಜರಿಯಿಂದ ತಂದ ರೇಡಿಯೇಟರೂ ಬೇಡ. ಅದೂ ಅದೇ ವಯಸ್ಸಿನದು ಅಲ್ವಾ?

ಬೇರೆಯಾಗಿ ಕೂತಿರುವ ತಗಡಿನ ಡಬ್ಬಿ ಆದರೆ ಕೆಲಸ ಹಗುರ. ಡಬ್ಬಿ ಹೊಸದು, ಅದರ ಓ-ರಿಂಗ್‌ಗಳೂ ಹೊಸವು.

ಅನೇಕರು ಈ ಸಮಯದಲ್ಲಿ ರೇಡಿಯೇಟರ್ ಕೂಲರ್ ಬಿಟ್ಟು ಗಾಳಿಯಲ್ಲಿ ತಣಿಯುವ ಹೊರಗಿನ ಕೂಲರ್ ಹಾಕಿಸುತ್ತಾರೆ. ನಮ್ಮ ಹವೆಗೆ ಇದು ಒಳ್ಳೆಯ ಉಪಾಯವೇ, ಕೂಲೆಂಟ್ ಮತ್ತೆ ಬೆರೆಯುವ ಮಾತೇ ಇರುವುದಿಲ್ಲ. ಆದರೆ ಕೂಲರ್ ಸಾಕಷ್ಟು ದೊಡ್ಡದಿರಬೇಕು. ಪೈಪ್ ಎಟಿಎಫ್‌ಗೆಂದೇ ಮಾಡಿದ್ದಿರಬೇಕು, ಕೂಲೆಂಟ್ ಹೋಸ್ ಕತ್ತರಿಸಿ ಹಾಕಿದರೆ ಕೆಲವೇ ತಿಂಗಳಲ್ಲಿ ಉಬ್ಬಿ ಜಾರುತ್ತದೆ. ರೇಡಿಯೇಟರ್ ರೆಕ್ಕೆಗಳ ನಡುವೆ ಪ್ಲಾಸ್ಟಿಕ್ ಟೈ ತೂರಿಸಿ ಕಟ್ಟುವವರಿದ್ದಾರೆ, ಬಿಡಬೇಡಿ. ಅದು ಅಲುಗಿ ಅಲುಗಿ ರೇಡಿಯೇಟರನ್ನೇ ಕೊರೆಯುತ್ತದೆ. ಮೈನಸ್ ಡಿಗ್ರಿ ಚಳಿ ಇರುವ ಊರಲ್ಲಿರುವವರಿಗೆ ನನ್ನ ಸಲಹೆ ಬೇರೆ. ಅಲ್ಲಿ ಆಯಿಲ್ ಬೇಗ ಬಿಸಿಯಾಗುವುದೂ ಬೇಕು, ಹಾಗಾಗಿ ಹೊಸ ರೇಡಿಯೇಟರ್ ಹಾಕಿ ಮೂಲ ಏರ್ಪಾಡನ್ನೇ ಉಳಿಸಿಕೊಳ್ಳಿ.

## ತೀರ್ಮಾನ: ತೊಳೆದರೆ ಉಳಿಯುತ್ತದಾ?

ಇದು ಕೈಕೆಲಸದ ಹಂತ ಅಲ್ಲ, ಆದರೆ ಇಲ್ಲಿ ಯೋಚಿಸದೆ ಮುಂದೆ ಹೋದವರೇ ಎರಡೆರಡು ಸಲ ದುಡ್ಡು ಕಳೆದುಕೊಳ್ಳುವುದು. ಆಯಿಲ್ ಬದಲಾವಣೆ ಕೂಲೆಂಟನ್ನು ಹೊರಗೆ ತೆಗೆಯುತ್ತದೆ. ನೆನೆದು ಸಡಿಲವಾದ ಪ್ಲೇಟನ್ನು ಮತ್ತೆ ಗಟ್ಟಿ ಮಾಡುವುದಿಲ್ಲ.

ಬೇಗ ಗೊತ್ತಾಗಿದ್ದರೆ, ಅಂದರೆ ಆಯಿಲ್ ಇನ್ನೂ ಕೆಂಪಗೇ ಇದ್ದು ಸ್ವಲ್ಪ ಮಸುಕಾಗಿದ್ದರೆ, ಗೇರ್ ಬೀಳುವುದರಲ್ಲಿ ಏನೂ ವ್ಯತ್ಯಾಸ ಇಲ್ಲದಿದ್ದರೆ, ಧೈರ್ಯವಾಗಿ ಹಂತ 5ಕ್ಕೆ ಹೋಗಿ. ಉಳಿಯುವ ಸಾಧ್ಯತೆ ಚೆನ್ನಾಗಿದೆ.

ಆಯಿಲ್ ಪೂರ್ತಿ ಗುಲಾಬಿಯಾಗಿದೆ, ಆದರೆ ಗಾಡಿ ಇನ್ನೂ ಸರಿಯಾಗಿ ಓಡುತ್ತಿತ್ತು ಅಂದರೆ ಅದು ಜೂಜು. ಆಯಿಲ್ ಪ್ಯಾನ್ ಬಿಚ್ಚಿಸಿ. ತಳದಲ್ಲಿ ಬೂದು ಬಣ್ಣದ ನಯವಾದ ಲೇಪ ಸ್ವಲ್ಪ ಇದ್ದರೆ ಮಾಮೂಲಿ ಸವೆತ. ಕಪ್ಪು ನಾರಿನ ಚೂರುಗಳು, ಫಿಲ್ಟರ್ ಜಾಲರಿಯಲ್ಲಿ ಮೆತ್ತಿದ ಒದ್ದೆ ಕಾಗದದಂಥ ಹೊಟ್ಟು ಕಂಡರೆ ಪ್ಲೇಟಿನ ಪದರ ಕಿತ್ತು ಬರುತ್ತಿದೆ ಅಂತ ಅರ್ಥ. ಮ್ಯಾಗ್ನೆಟ್ ಮೇಲೆ ಮಿನುಗುವ ಲೋಹದ ಸಿಬಿರು ಇದ್ದರೂ ಅಷ್ಟೇ. ತೊಳೆಯುವ ಖರ್ಚು ಅಲ್ಲಿಗೆ ನಿಲ್ಲಿಸಿ.

ಗೇರ್ ಜಾರುತ್ತಿದ್ದರೆ, ಎಂಜಿನ್ ಕೂಗಿದರೂ ಗಾಡಿ ಎಳೆಯದಿದ್ದರೆ, ರಿವರ್ಸ್ ತಡವಾಗಿ ಬೀಳುತ್ತಿದ್ದರೆ ತೊಳೆದು ಪ್ರಯೋಜನವಿಲ್ಲ. ಬಿಚ್ಚಿ ರೀಬಿಲ್ಡ್ ಮಾಡಬೇಕು. ಗ್ಯಾರೇಜಿನವರಿಗೆ ಕೇಳಬೇಕಾದ ಪ್ರಶ್ನೆಗಳು: ಫ್ರಿಕ್ಷನ್ ಪ್ಲೇಟುಗಳನ್ನು ಎಲ್ಲವನ್ನೂ ಬದಲಾಯಿಸ್ತೀರಾ, ಸುಟ್ಟವನ್ನು ಮಾತ್ರವಾ? ಟಾರ್ಕ್ ಕನ್ವರ್ಟರ್ ಕತ್ತರಿಸಿ ಲಾಕ್-ಅಪ್ ಕ್ಲಚ್ (ಕನ್ವರ್ಟರ್ ಜಾರದಂತೆ ಬಿಗಿಹಿಡಿಯುವ ಒಳಗಿನ ಕ್ಲಚ್) ಹೊಸದು ಹಾಕಿಸ್ತೀರಾ, ಇಲ್ಲಾ ಹಳೆಯದನ್ನೇ ತೊಳೆದು ಕೂರಿಸ್ತೀರಾ? ಕೂಲರ್ ಪೈಪುಗಳನ್ನು ಹೇಗೆ ಸ್ವಚ್ಛ ಮಾಡ್ತೀರಾ? ಎರಡನೇ ಪ್ರಶ್ನೆಗೆ "ತೊಳೀತೀವಿ" ಅನ್ನುವ ಉತ್ತರ ಬಂದರೆ ಬೇರೆ ಗ್ಯಾರೇಜ್ ನೋಡಿ. ಕನ್ವರ್ಟರ್ ಬೆಸುಗೆ ಹಾಕಿ ಮುಚ್ಚಿದ ಡಬ್ಬಿ. ಅದರೊಳಗಿನ ಪದರವೂ ನೆನೆದಿರುತ್ತದೆ.

ರೀಬಿಲ್ಡ್ ಆದ ಗೇರ್‌ಬಾಕ್ಸನ್ನು ಹಳೆಯ ರೇಡಿಯೇಟರ್‌ಗೇ ಜೋಡಿಸಿ ಕಳಿಸಿದ ಪ್ರಸಂಗಗಳೂ ಇವೆ. ಬಿಲ್‌ನಲ್ಲಿ ರೇಡಿಯೇಟರ್ ಸಾಲು ಇಲ್ಲದಿದ್ದರೆ ಗಾಡಿ ತೆಗೆದುಕೊಳ್ಳಬೇಡಿ.

## ಹಂತ 5: ಆಯಿಲ್ ಬದಲಾವಣೆ, ಒಂದಲ್ಲ ಹಲವು ಸಲ

ಬೇಕಾಗುವುದು: ಗಾಡಿಯ ಪುಸ್ತಕದಲ್ಲಿ ಹೇಳಿದ ಎಟಿಎಫ್, ಹೊಸ ಫಿಲ್ಟರ್ ಮತ್ತು ಪ್ಯಾನ್ ಪ್ಯಾಕಿಂಗ್, ಡ್ರೇನ್ ಬೋಲ್ಟ್ ವಾಶರ್, ಟಾರ್ಕ್ ರೆಂಚ್, ಆಯಿಲ್ ಟೆಂಪರೇಚರ್ ಓದುವ ಸ್ಕ್ಯಾನರ್, ಲೀಟರ್ ಗುರುತಿರುವ ಬಕೆಟ್, ಆಯಿಲ್ ಹಾಕುವ ಪಂಪ್, ಗಟ್ಟಿ ಸ್ಟ್ಯಾಂಡುಗಳು. ಬರೀ ಜ್ಯಾಕ್ ಮೇಲೆ ನಿಂತ ಗಾಡಿ ಕೆಳಗೆ ಹೋಗಬೇಡಿ.

ಒಂದು ಸಲ ಯಾಕೆ ಸಾಲದು? ಉದಾಹರಣೆಗೆ ಗೇರ್‌ಬಾಕ್ಸಿನಲ್ಲಿ ಒಟ್ಟು 10 ಲೀಟರ್ ಆಯಿಲ್ ಇದೆ ಅನ್ನಿ. ಡ್ರೇನ್ ಬೋಲ್ಟ್ ಬಿಚ್ಚಿದರೆ 4 ಲೀಟರ್ ಬರುತ್ತದೆ. ಉಳಿದದ್ದು ಟಾರ್ಕ್ ಕನ್ವರ್ಟರ್, ವಾಲ್ವ್ ಬಾಡಿ, ಪೈಪುಗಳಲ್ಲೇ ಇರುತ್ತದೆ. ಮೊದಲ ಬದಲಾವಣೆ ಆದ ಮೇಲೆ ಶೇ. 60 ಕೊಳೆ ಒಳಗೇ ಇದೆ. ಎರಡನೆಯದಕ್ಕೆ 36, ಮೂರಕ್ಕೆ 22, ನಾಲ್ಕಕ್ಕೆ 13, ಐದಕ್ಕೆ 8. 20 ಲೀಟರ್ ಆಯಿಲ್ ಸುರಿದ ಮೇಲೂ ಶೇ. 8 ಉಳಿಯುತ್ತದೆ. "ಆಯಿಲ್ ಚೇಂಜ್ ಮಾಡಿಸಿದ್ದೆ, ಆದರೂ ಹೋಯ್ತು" ಅನ್ನುವವರ ಲೆಕ್ಕ ತಪ್ಪುವುದು ಇಲ್ಲೇ.

ಹಾಗಾಗಿ ಎರಡು ಭಾಗದಲ್ಲಿ ಮಾಡಿ. ಮೊದಲು ಡ್ರೇನ್ ಮಾಡಿ, ಪ್ಯಾನ್ ಬಿಚ್ಚಿ ಒರೆಸಿ, ಮ್ಯಾಗ್ನೆಟ್ ತೊಳೆದು, ಹೊಸ ಫಿಲ್ಟರ್ ಹಾಕಿ ಮುಚ್ಚಿ. ಬಂದಷ್ಟೇ ಆಯಿಲ್ ತುಂಬಿ. ಆಮೇಲೆ ಕೂಲರ್‌ನಿಂದ ಗೇರ್‌ಬಾಕ್ಸಿಗೆ ವಾಪಸ್ ಬರುವ ಪೈಪ್ ಬಿಚ್ಚಿ ಬಕೆಟ್‌ಗೆ ಇಳಿಬಿಡಿ. ಇನ್ನೊಬ್ಬರು ಎಂಜಿನ್ ಸ್ಟಾರ್ಟ್ ಮಾಡಲಿ. ಒಂದು ಲೀಟರ್ ಬಂದ ಕೂಡಲೇ ಆಫ್. ಒಂದು ಲೀಟರ್ ಹೊಸದು ಹಾಕಿ. ಮತ್ತೆ ಸ್ಟಾರ್ಟ್. ಹೀಗೆ ಹೋಗುವುದನ್ನೂ ಬರುವುದನ್ನೂ ಸಮ ಮಾಡಿಕೊಂಡು, ಬಕೆಟ್‌ಗೆ ತಿಳಿಯಾದ ಆಯಿಲ್ ಬರುವವರೆಗೆ ನಡೆಸಿ. ಪಂಪ್ ಗಾಳಿ ಎಳೆಯಲು ಬಿಡಬೇಡಿ, ಗುಳ್ಳೆ ಬರತೊಡಗಿದರೆ ತಕ್ಷಣ ನಿಲ್ಲಿಸಿ. ಕೆಲವು ಗೇರ್‌ಬಾಕ್ಸುಗಳಲ್ಲಿ ಥರ್ಮೋಸ್ಟಾಟ್ ಇದ್ದು ತಣ್ಣಗಿರುವಾಗ ಕೂಲರ್ ಪೈಪಿನಲ್ಲಿ ಆಯಿಲ್ ಸರಿಯಾಗಿ ಹರಿಯುವುದಿಲ್ಲ. ಅಂಥದ್ದಕ್ಕೆ ಡ್ರೇನ್ ಮಾಡಿ ತುಂಬುವ ವಿಧಾನವನ್ನೇ ಹಲವು ಸಲ ಮಾಡಬೇಕು.

ಒಂದು ಸುತ್ತು ಮುಗಿದ ಮೇಲೆ ಬ್ರೇಕ್ ಒತ್ತಿ ಹಿಡಿದು ಪಿ, ಆರ್, ಎನ್, ಡಿ ಎಲ್ಲದರಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ. ಸಂದಿಗಳಲ್ಲಿ ಕೂತ ಹಳೆ ಆಯಿಲ್ ಹೊರಗೆ ಬರುತ್ತದೆ.

ಕೇಳಿಬರುವ ಅಡ್ಡದಾರಿಗಳು:

"ಡೀಸೆಲ್ ಅಥವಾ ಸೀಮೆಎಣ್ಣೆ ಹಾಕಿ ಒಂದ್ಸಲ ತೊಳೆದುಬಿಡೋಣ." ಖಂಡಿತ ಬೇಡ. ಅದರಲ್ಲಿ ಜಾರಿಸುವ ಶಕ್ತಿ ಸಾಲದು, ಸೀಲುಗಳನ್ನೂ ಹಾಳು ಮಾಡುತ್ತದೆ. ತೊಳೆಯಲು ಬಳಸಬೇಕಾದ್ದು ಎಟಿಎಫ್ ಮಾತ್ರ. ಮೊದಲ ಸುತ್ತುಗಳಿಗೆ ಅದೇ ಸ್ಪೆಸಿಫಿಕೇಶನ್‌ನ ಅಗ್ಗದ ಬ್ರ್ಯಾಂಡ್ ನಡೆಯುತ್ತದೆ, ಕೊನೆಯದಕ್ಕೆ ಕಂಪನಿಯದು.

"ಹೈವೇಯಲ್ಲಿ ಚೆನ್ನಾಗಿ ಓಡಿಸಿ, ಬಿಸಿಗೆ ನೀರೆಲ್ಲ ಆವಿಯಾಗುತ್ತೆ." ಅರ್ಧ ಸತ್ಯ. ಸ್ವಲ್ಪ ನೀರು ಹೋಗಬಹುದು. ಆದರೆ ಎಥಿಲೀನ್ ಗ್ಲೈಕಾಲ್ ಕುದಿಯುವುದು 197 ಡಿಗ್ರಿಯಲ್ಲಿ. ಗೇರ್‌ಬಾಕ್ಸ್ ಅಷ್ಟು ಬಿಸಿಯಾದರೆ ಆಯಿಲೇ ಸುಟ್ಟುಹೋಗುತ್ತದೆ.

ಕೊನೆಯಲ್ಲಿ ಲೆವೆಲ್. ಸಾಮಾನ್ಯವಾಗಿ ಎಂಜಿನ್ ಓಡುತ್ತಿರುವಾಗ, ಗಾಡಿ ಸಮತಟ್ಟಾಗಿರುವಾಗ, ಪುಸ್ತಕದಲ್ಲಿ ಹೇಳಿದ ಆಯಿಲ್ ಬಿಸಿಯಲ್ಲಿ ನೋಡಬೇಕು. ಅನೇಕ ಗೇರ್‌ಬಾಕ್ಸುಗಳಿಗೆ ಅದು 40 ಡಿಗ್ರಿ ಆಸುಪಾಸು. ಅಂದಾಜಿಗೆ ಬಿಡಬೇಡಿ, ಸ್ಕ್ಯಾನರ್ ಬೇಕು ಅಂದಿದ್ದು ಅದಕ್ಕೇ.

## ಹಂತ 6: ಕೂಲೆಂಟ್ ಕಡೆಯನ್ನೂ ತೊಳೆಯಿರಿ

ಗೇರ್‌ಬಾಕ್ಸ್ ಚಿಂತೆಯಲ್ಲಿ ಇದನ್ನು ಮರೆಯುತ್ತಾರೆ. ಕೂಲೆಂಟ್‌ಗೆ ಸೇರಿದ ಆಯಿಲ್ ರಬ್ಬರ್ ಹೋಸ್‌ಗಳನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಹೋಸನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ಒಳಗೆ ಸ್ಪಂಜಿನಂತೆ ಅನ್ನಿಸಿದರೆ, ಕ್ಲಿಪ್ ಪಕ್ಕದಲ್ಲಿ ಉಬ್ಬಿದ್ದರೆ ಬದಲಾಯಿಸಿ. ರೇಡಿಯೇಟರ್ ಕ್ಯಾಪ್, ಥರ್ಮೋಸ್ಟಾಟ್ ಕೂಡ ಹೊಸದು ಹಾಕುವುದೇ ಲೇಸು.

ಥರ್ಮೋಸ್ಟಾಟ್ ತೆಗೆದು, ಕೂಲಿಂಗ್ ಸಿಸ್ಟಮ್‌ಗೆಂದೇ ಸಿಗುವ ಜಿಡ್ಡು ತೆಗೆಯುವ ಕ್ಲೀನರ್ ಹಾಕಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಎಂಜಿನ್ ಓಡಿಸಿ, ಖಾಲಿ ಮಾಡಿ. ನೀರಿನ ಮೇಲೆ ಜಿಡ್ಡಿನ ಬಣ್ಣ ಕಾಣದಾಗುವವರೆಗೆ ಮತ್ತೆ ಮತ್ತೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಬೇಡಿ, ನೊರೆ ಕಟ್ಟಿ ಎಂಜಿನ್ ಬಿಸಿಯಾಗುತ್ತದೆ. ಕೊನೆಯ ತೊಳೆತ ಡಿಸ್ಟಿಲ್ಡ್ ವಾಟರ್‌ನಲ್ಲಿ. ಆಮೇಲೆ ಹೊಸ ಕೂಲೆಂಟ್ ತುಂಬಿ ಗಾಳಿ ತೆಗೆಯಿರಿ. ಈ ಕೆಲಸವನ್ನು ಹಂತ 4 ಆದ ಮೇಲೆಯೇ ಮಾಡಬೇಕು, ಮೊದಲೇ ಮಾಡಿದರೆ ಕ್ಲೀನರ್ ಕೂಡ ಗೇರ್‌ಬಾಕ್ಸಿಗೆ ಹೋಗುತ್ತದೆ.

ಹಳೆ ಕೂಲೆಂಟನ್ನು ರಸ್ತೆಗೆ, ಚರಂಡಿಗೆ ಬಿಡಬೇಡಿ. ಗ್ಲೈಕಾಲ್ ಸಿಹಿ, ಬೀದಿನಾಯಿಗಳು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಕಿಡ್ನಿ ಹೋಗಿ ಸಾಯುತ್ತವೆ. ಮಕ್ಕಳ ಕೈಗೆ ಸಿಗದ ಹಾಗೆ ಕ್ಯಾನಿನಲ್ಲಿ ಮುಚ್ಚಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೆ ಹಳೆ ಆಯಿಲ್ ಕೊಡುವ ಗ್ಯಾರೇಜಿಗೆ ತಲುಪಿಸಿ.

## ಹಂತ 7: ಓಡಿಸಿ ನೋಡುವುದು

ಮೊದಲ ದಿನ ಊರೊಳಗೇ, ನಿಧಾನವಾಗಿ. ಘಾಟಿ, ಭಾರ, ಟ್ರೇಲರ್ ಬೇಡ. 100 ಕಿ.ಮೀ. ಆದ ಮೇಲೆ ಒಂದು ಸ್ಯಾಂಪಲ್, 500ಕ್ಕೆ ಇನ್ನೊಂದು, 1,500ಕ್ಕೆ ಮತ್ತೊಂದು. ಮಸುಕು ಕಂಡರೆ ಇನ್ನೊಂದು ಸುತ್ತು ಆಯಿಲ್ ಬದಲಾವಣೆ. ಕೂಲೆಂಟ್ ಲೆವೆಲ್‌ಗೆ ಬಾಟಲಿ ಮೇಲೆ ಮಾರ್ಕರ್ ಗೆರೆ ಹಾಕಿ, ಬೆಳಗ್ಗೆ ತಣ್ಣಗಿರುವಾಗ ನೋಡಿ. ಗೆರೆಗಿಂತ ಇಳಿಯುತ್ತಲೇ ಹೋಗಿ, ಹೊರಗೆ ಎಲ್ಲೂ ಸೋರಿಕೆ ಕಾಣದಿದ್ದರೆ ಹಂತ 3ಕ್ಕೆ ವಾಪಸ್.

ಎಚ್ಚರಿಕೆ ಕೊಡುವ ಮುಖ್ಯ ಲಕ್ಷಣ ನಡುಕ. ಗಂಟೆಗೆ 60–80 ಕಿ.ಮೀ. ವೇಗದಲ್ಲಿ, ಆಕ್ಸಿಲರೇಟರ್ ಹಗುರವಾಗಿ ಒತ್ತಿ ಹೋಗುವಾಗ, ರಸ್ತೆಯಲ್ಲಿ ಸಾಲು ಉಬ್ಬುಗಳಿದ್ದ ಹಾಗೆ ಗಾಡಿ ಗಡಗಡ ಅನ್ನುತ್ತದೆ. ಹಿಂದೆ ಗಾಡಿ ಇಲ್ಲದಾಗ, ಆಕ್ಸಿಲರೇಟರ್ ಹಾಗೇ ಇಟ್ಟುಕೊಂಡು, ಎಡಗಾಲಿನಿಂದ ಬ್ರೇಕ್ ಪೆಡಲನ್ನು ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ಮುಟ್ಟಿ. ಎಡಗಾಲು ಬಳಸಿ ಅಭ್ಯಾಸ ಇಲ್ಲದವರು ಇದನ್ನು ಮೆಕ್ಯಾನಿಕ್‌ಗೆ ಬಿಡಿ. ಬ್ರೇಕ್ ಮುಟ್ಟಿದರೆ ಬಹಳಷ್ಟು ಗಾಡಿಗಳಲ್ಲಿ ಟಾರ್ಕ್ ಕನ್ವರ್ಟರ್‌ನ ಲಾಕ್-ಅಪ್ ಕ್ಲಚ್ ಬಿಟ್ಟುಕೊಳ್ಳುತ್ತದೆ. ಆ ಕ್ಷಣಕ್ಕೆ ನಡುಕ ನಿಂತರೆ ಲಾಕ್-ಅಪ್ ಕ್ಲಚ್‌ನ ಪದರಕ್ಕೆ ಪೆಟ್ಟು ಬಿದ್ದಿದೆ. ಸ್ಕ್ಯಾನರ್‌ನಲ್ಲಿ ಪಿ0741 ಅನ್ನುವ ದೋಷದ ಕೋಡ್ ಬಂದರೂ ಬೆರಳು ತೋರಿಸುವುದು ಅದೇ ಕಡೆಗೆ. ಪಿ0730 ಬಂದರೆ ಗೇರ್ ಜಾರುತ್ತಿದೆ ಅಂತ, ಒಳಗಿನ ಪ್ಲೇಟುಗಳ ಮಾತು.

ಆಯಿಲ್ ಶುದ್ಧವಾಗಿದ್ದೂ ನಡುಕ ಸ್ವಲ್ಪವೇ ಇದ್ದರೆ ಇನ್ನೊಂದು ಬದಲಾವಣೆ ಮಾಡಿಸಿ ನೋಡಬಹುದು, ಕೆಲವೊಮ್ಮೆ ಕಡಿಮೆಯಾಗುತ್ತದೆ. ಅದಾದ ಮೇಲೂ ಹಾಗೇ ಇದ್ದರೆ, ಅಥವಾ ದಿನದಿಂದ ದಿನಕ್ಕೆ ಜಾಸ್ತಿಯಾದರೆ, ಬಾಟಲಿಯಲ್ಲಿ ಸಿಗುವ "ನಡುಕ ನಿಲ್ಲಿಸುವ" ದ್ರವಗಳಿಗೆ ದುಡ್ಡು ಹಾಕುವ ಬದಲು ಕನ್ವರ್ಟರ್ ಇಳಿಸಿ. ಕನ್ವರ್ಟರ್ ಒಂದೇ ಹೋಗಿರುವಾಗ ಇಳಿಸಿದರೆ ಖರ್ಚು ಅದೊಂದಕ್ಕೇ ಮುಗಿಯಬಹುದು. ಅದರ ಪದರದ ಪುಡಿ ವಾಲ್ವ್ ಬಾಡಿ ತುಂಬಿದ ಮೇಲಾದರೆ ಇಡೀ ಗೇರ್‌ಬಾಕ್ಸ್ ಬಿಚ್ಚಬೇಕಾಗುತ್ತದೆ.